ಬ್ಯಾಜಿನ ವಿಮಾನಯಾನ

ಪಾಂಡವಪುರದಲ್ಲಿ ಉಪವಿಭಾಗಾಧಿಕಾರಿಯಾಗಿದ್ದಾಗ ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ, ನಾಗಮಂಗಲದ ಆಸ್ಪತ್ರೆಗಳ ತಪಾಸಣೆಗೂ ಹೋಗುತ್ತಿದ್ದೆ. ಎಕ್ಸ್-ರೇ ಸಿಬ್ಬಂದಿಯ ಎದೆಯ ಮೇಲಿನ ಪ್ಲಾಸ್ಟಿಕ್ ಬಿಲ್ಲೆಯನ್ನು ಗುರುತಿನ ಚೀಟಿಯೆಂದೇ ಭಾವಿಸಿದ್ದೆ. ಅರ್ಥಶಾಸ್ತ್ರ ಓದಿದವನ ವಿಜ್ಞಾನ ಅಷ್ಟಕ್ಕಷ್ಟೆ!

ಅದು ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಜು ಎಂದು ತಿಳಿಸಿದವಳು ಕೆ.ಆರ್. ಪೇಟೆಯಲ್ಲಿರುವ ತಮ್ಮನ ಮಗಳು. ಈಗ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಎಕ್ಸ್-ರೇ ತಂತ್ರಜ್ಞೆ. ದೆಹಲಿಗೆ ಹೊರಟ ದಿನ ದೇವನಹಳ್ಳಿಯ ನಿಲ್ದಾಣದಿಂದ ಫೋನ್ ಮಾಡಿದಳು: “ದೊಡ್ಡಪ್ಪ, ಬ್ಯಾಜು ಕೈಚೀಲದಲ್ಲೇ ಉಳಿದುಬಿಟ್ಟಿದೆ. ಚೀಲವನ್ನು ಯಂತ್ರದೊಳಗೆ ಬಿಟ್ಟರೆ ಆ ಕಿರಣವೂ ನನ್ನ ಲೆಕ್ಕಕ್ಕೇ ಬರುತ್ತೆ. ಕೈಯಲ್ಲಿ ಹಿಡಿದುಕೊಂಡು ಹೋಗಲು ಬಿಡುತ್ತಾರಾ?” ನಿವೃತ್ತನಾದರೂ ಸರ್ಕಾರದ ಕಡೆಯ ಪ್ರಶ್ನೆಗಳಿಗೆಲ್ಲ ನಾನೇ ಉತ್ತರಿಸಬೇಕೆಂಬುದು ನಮ್ಮ ಮನೆಯ ರೂಢಿ. ಕೇಳಿ ನೋಡು ಎಂದೆ.

ಬ್ಯಾಜಿನೊಳಗಿನ ಕ್ಯಾಲ್ಸಿಯಂ ಸಲ್ಫೇಟ್ ಬಿಲ್ಲೆಗಳು ವಿಕಿರಣದ ಶಕ್ತಿಯನ್ನು ಹಿಡಿದಿಟ್ಟು, ಪ್ರಯೋಗಾಲಯದಲ್ಲಿ ಕಾಯಿಸಿದಾಗ ಬೆಳಕಾಗಿ ಹೊರಬಿಡುತ್ತವೆ. ಕಿರಣ ಮೈಮೇಲೆ ಬಿದ್ದದ್ದೋ ಚೀಲದ ಮೇಲೆ ಬಿದ್ದದ್ದೋ ಅವಕ್ಕೆ ತಿಳಿಯದು. ನಮ್ಮಲ್ಲಿ ಇಂಥ ನೌಕರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿತಿ. ಕೈಚೀಲದ ಯಂತ್ರ ಒಮ್ಮೆಗೆ ನೀಡುವುದು ಇದರೆದುರು ತೀರಾ ಅತ್ಯಲ್ಪ. ಪ್ರತ್ಯೇಕವಾಗಿ ಒಪ್ಪಿಸುವ ಸಾಮಾನಿಗೆ ಬಳಸುವ ಸಿಟಿ ಮಾದರಿಯ ಯಂತ್ರಗಳು ಹೆಚ್ಚು ನೀಡಬಲ್ಲವು. ಲೋಹಶೋಧಕ ಬಾಗಿಲಲ್ಲಿ ಎಕ್ಸ್-ರೇ ಇಲ್ಲ. ಅದನ್ನು ಬ್ಯಾಜು ಧರಿಸಿಯೇ ದಾಟಬಹುದು.

ಆಕಾಶದಲ್ಲಿ ವಿಶ್ವಕಿರಣಗಳೂ ಇವೆ. 1940ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಹೋಮಿ ಭಾಭಾ ವಿಮಾನದಲ್ಲಿ ಉಪಕರಣ ಕಳುಹಿಸಿ ಅವುಗಳನ್ನೇ ಅಳೆದಿದ್ದರು. ಯುರೋಪ್ 1996ರ ನಿರ್ದೇಶನದಲ್ಲಿ ವಿಮಾನ ಸಿಬ್ಬಂದಿಗೆ ತಗಲುವ ವಿಕಿರಣವನ್ನೂ ಅಂದಾಜು ಮಾಡಬೇಕೆಂದು ವಿಧಿಸಿತು. ಆದರೆ ಆಸ್ಪತ್ರೆಯ ಬ್ಯಾಜು ಆಸ್ಪತ್ರೆಯ ಕೆಲಸದ ಲೆಕ್ಕಕ್ಕೆ ಮಾತ್ರ. ಕೆಲಸ ಮುಗಿದ ಮೇಲೆ ಅದು ವಿಕಿರಣವಿಲ್ಲದೆಡೆ, ಹೋಲಿಕೆಗೆಂದು ಇಡುವ ಕಂಟ್ರೋಲ್ ಬ್ಯಾಜಿನ ಜೊತೆಗಿರಬೇಕು.

ಇಷ್ಟು ಅಲ್ಪವಾದುದಕ್ಕೆ ಈ ಪಾಡೇಕೆ? ನನಗೆ ಕಾಣುವ ಅಪಾಯ ಬೇರೆ. ಬ್ಯಾಜುಗಳು ಊರೂರು ಸುತ್ತುವುದು ರೂಢಿಯಾದರೆ, ನಾಳೆ ಎಕ್ಸ್-ರೇ ಯಂತ್ರದ ದೋಷದಿಂದಲೇ ಅಂಕಿ ಏರಿದರೂ ‘ವಿಮಾನ ನಿಲ್ದಾಣದಲ್ಲಿ ಬಿದ್ದದ್ದಿರಬೇಕು’ ಎಂದು ಕಡತ ಮುಚ್ಚಲು ನೆಪ ಸಿಗುತ್ತದೆ. ಕಡತಗಳು ಹೀಗೆ ಮುಚ್ಚಿಕೊಳ್ಳುವುದನ್ನು ನಾನು ಬಲ್ಲೆ. ಆಗ ನಷ್ಟ ಅಲ್ಲಿ ದುಡಿಯುವ ಹುಡುಗಿಯದೇ.

ಭದ್ರತಾ ಸಿಬ್ಬಂದಿ ಬ್ಯಾಜನ್ನು ತಿರುಗಿಸಿ ನೋಡಿ ಹಿಂದಿರುಗಿಸಿದರಂತೆ. ವಿಮಾನ ಹತ್ತುವ ಮುನ್ನವೇ ಅವಳು ದಿನಾಂಕ, ಪ್ರಯಾಣದ ವಿವರಗಳನ್ನು ತನ್ನ ಆಸ್ಪತ್ರೆಯ ವಿಕಿರಣ ಸುರಕ್ಷತಾ ಅಧಿಕಾರಿಗೆ ಬರೆದು ಕಳುಹಿಸಿದಳು.