ಪೆಟ್ಟು ತಲೆಗೆ, ನಷ್ಟ ಮೂಗಿಗೆ

ತಲೆಗೆ ಬಲವಾದ ಪೆಟ್ಟು ಬಿದ್ದ ಕೆಲವರಿಗೆ ಗಾಯ ಮಾಗಿದ ಮೇಲೂ ವಾಸನೆ ತಿಳಿಯುವುದಿಲ್ಲ. ಮೂಗಿನ ಒಳಗೆ, ತೀರ ಮೇಲ್ಭಾಗದಲ್ಲಿ ಘ್ರಾಣಪದರವಿದೆ. ಅಲ್ಲಿನ ನರಕೋಶಗಳ ಎಳೆಗಳು ಜರಡಿಯಂತೆ ತೂತು ಬಿದ್ದ ತೆಳು ಎಲುಬಿನೊಳಗಿಂದ ಹಾದು ಮಿದುಳಿನ ಘ್ರಾಣಗಡ್ಡೆಯನ್ನು ಮುಟ್ಟುತ್ತವೆ. ಪೆಟ್ಟಿನ ರಭಸಕ್ಕೆ ಮಿದುಳು ಜರುಗುತ್ತದೆ, ಎಲುಬು ಜರುಗುವುದಿಲ್ಲ. ನಡುವೆ ಸಿಕ್ಕ ಎಳೆಗಳು ತುಂಡಾಗುತ್ತವೆ. ವಾಸನೆಯ ಜೊತೆಗೆ ಊಟದ ಸವಿಯ ಬಹುಪಾಲೂ ಹೋಗುತ್ತದೆ. ಗ್ಯಾಸ್ ಸೋರಿದ್ದು, ಹಾಲು ಸೀದದ್ದು ಗೊತ್ತಾಗುವುದಿಲ್ಲ. ಇಷ್ಟಾದರೂ ಕಣ್ಣು, ಕಿವಿಯ ತೊಂದರೆಗೆ ಸಿಗುವ ಗಮನ ಇದಕ್ಕೆ ಸಿಕ್ಕಿಲ್ಲ.

ಸಂಶೋಧಕರಿಗೆ ಆಸೆ ಹುಟ್ಟಿಸಿದ್ದು ಘ್ರಾಣಪದರದ ಒಂದು ಅಪರೂಪದ ಗುಣ. ಮಿದುಳಿನಲ್ಲಿ ಸತ್ತ ನರಕೋಶದ ಜಾಗಕ್ಕೆ ಹೊಸದು ಬರುವುದು ತೀರ ಕಡಿಮೆ. ಮೂಗಿನಲ್ಲಿ ಮಾತ್ರ ಅವು ಬದುಕಿಡೀ ಹುಟ್ಟುತ್ತಲೇ ಇರುತ್ತವೆ. ಪದರದ ತಳದಲ್ಲಿರುವ ಎರಡು ಬಗೆಯ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇದಕ್ಕೆ ಮೂಲ. ದುಂಡನೆಯವು ನಿತ್ಯದ ಸವಕಳಿಯನ್ನು ತುಂಬುತ್ತವೆ. ಚಪ್ಪಟೆಯವು ಸುಮ್ಮನಿದ್ದು, ಪದರಕ್ಕೆ ಭಾರಿ ಹಾನಿಯಾದಾಗಷ್ಟೇ ಕೆಲಸಕ್ಕಿಳಿಯುತ್ತವೆ. 2007ರಲ್ಲಿ ಇಲಿಗಳ ಮೇಲಿನ ಅಧ್ಯಯನ ಇದನ್ನು ತೋರಿಸಿತು. ಚಪ್ಪಟೆ ಕೋಶಗಳನ್ನು ಹಾಗೆ ತಡೆದಿಡುವುದು ಪಿ63 ಎಂಬ ಪ್ರೋಟೀನ್ ಎಂಬುದು ಮುಂದೆ ತಿಳಿಯಿತು.

2019ರಲ್ಲಿ ಮಯಾಮಿ ವಿಶ್ವವಿದ್ಯಾಲಯದ ಬ್ರಾಡ್ಲಿ ಗೋಲ್ಡ್‌ಸ್ಟೀನ್ ತಂಡ ದುಂಡು ಆಕರಕೋಶಗಳನ್ನು ವಾಸನೆ ತಿಳಿಯದ ಇಲಿಗಳ ಮೂಗಿಗೆ ಬಿಟ್ಟಿತು. ಅವು ಅಲ್ಲಿಯೇ ನೆಲೆಯೂರಿ ನರಕೋಶಗಳಾದವು, ಎಳೆಗಳು ಘ್ರಾಣಗಡ್ಡೆಯವರೆಗೂ ಬೆಳೆದವು, ಇಲಿಗಳಿಗೆ ವಾಸನೆ ಮರಳಿತು. ಆದರೆ ಆ ಇಲಿಗಳ ದೋಷ ವಂಶವಾಹಿಯದು; ಮಿದುಳಿನ ದಾರಿ ಮುಚ್ಚಿರಲಿಲ್ಲ. ಪೆಟ್ಟು ತಿಂದವರ ಕಷ್ಟವೇ ಬೇರೆ. ಅವರಲ್ಲಿ ಆಕರಕೋಶಗಳಿಗೆ ಕೊರತೆ ಇರಬೇಕೆಂದಿಲ್ಲ. ಎಲುಬಿನ ತೂತುಗಳಲ್ಲಿ ಗಾಯದ ಗಟ್ಟಿ ಅಂಗಾಂಶ ಕೂತರೆ ಹೊಸ ಎಳೆಗಳು ಮೇಲೇರಲಾರವು.

ಏರಿದರೂ ಗುರಿ ಮುಟ್ಟುವುದು ಖಚಿತವಲ್ಲ. ಮನುಷ್ಯರಲ್ಲಿ ಸುಮಾರು 400 ಬಗೆಯ ವಾಸನೆ ಗ್ರಾಹಕಗಳಿವೆ. ಒಂದೊಂದು ಬಗೆಯ ಕೋಶದ ಎಳೆಗೂ ಘ್ರಾಣಗಡ್ಡೆಯಲ್ಲಿ ತನ್ನದೇ ಜಾಗವಿದೆ. ಅಮೆರಿಕದ ರಿಚರ್ಡ್ ಕೊಸ್ಟಾಂಜೊ ಇಲಿಗಳ ಘ್ರಾಣನರವನ್ನು ಕತ್ತರಿಸಿ ನೋಡಿದಾಗ, ಎಳೆಗಳು ಮತ್ತೆ ಬೆಳೆದರೂ ಹಲವು ತಪ್ಪು ಜಾಗಕ್ಕೆ ಸೇರಿದ್ದವು. ಚೇತರಿಸಿಕೊಳ್ಳುತ್ತಿರುವ ಕೆಲವರಿಗೆ ಕಾಫಿಯೂ ಸುಟ್ಟ ರಬ್ಬರಿನಂತೆ ನಾರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಹೀಗಾಗಿ ಆಕರಕೋಶ ಚಿಕಿತ್ಸೆ ಇನ್ನೂ ಪ್ರಯೋಗಾಲಯದ ಮಾತು. ಸದ್ಯ ವೈದ್ಯರು ಹೇಳುವುದು ಜರ್ಮನಿಯ ಡ್ರೆಸ್ಡೆನ್‌ನ ಥಾಮಸ್ ಹುಮ್ಮೆಲ್ ತಂಡ 2009ರಲ್ಲಿ ವರದಿ ಮಾಡಿದ ಅಭ್ಯಾಸವನ್ನು: ಗುಲಾಬಿ, ನೀಲಗಿರಿ, ನಿಂಬೆ, ಲವಂಗ ಇವುಗಳನ್ನು ಬೆಳಗ್ಗೆ ಸಂಜೆ, ತಿಂಗಳುಗಟ್ಟಲೆ ಮೂಸುವುದು. ನೆಗಡಿಯಂಥ ಸೋಂಕಿನಿಂದ ವಾಸನೆ ಕಳೆದುಕೊಂಡವರಿಗೆ ಇದರಿಂದ ಆಗುವಷ್ಟು ಪ್ರಯೋಜನ ಪೆಟ್ಟು ತಿಂದವರಿಗೆ ಆಗುವುದಿಲ್ಲ.