ಬಚ್ಚಿಡಲೆಂದೇ ಬರೆದ ನಕ್ಷೆ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಡುವ ಮೇಜಿನ ಒಂದು ತುದಿಯಲ್ಲಿ ಆಟ ನಡೆಸುವ ಡಂಜನ್ ಮಾಸ್ಟರ್ ರಟ್ಟಿನ ಮರೆ ನಿಲ್ಲಿಸಿಕೊಂಡು ಕೂತಿರುತ್ತಾರೆ. ಮರೆಯ ಹಿಂದೆ ಗ್ರಾಫ್ ಹಾಳೆಯಲ್ಲಿ ಅವರೇ ಬರೆದ ನೆಲಮಾಳಿಗೆಯ ನಕ್ಷೆ. ಉಳಿದವರು ಅದನ್ನು ನೋಡುವಂತಿಲ್ಲ. ‘ಮೂವತ್ತು ಅಡಿ ನಡೆದರೆ ಎಡಕ್ಕೊಂದು ಬಾಗಿಲು, ಓಣಿ ಇನ್ನೂ ಮುಂದಕ್ಕಿದೆ’ ಎಂದು ಮಾಸ್ಟರ್ ಹೇಳುತ್ತಾರೆ. ಆಟಗಾರರಲ್ಲಿ ಒಬ್ಬರು ಕಿವಿಗೆ ಬಿದ್ದಷ್ಟನ್ನು ತಮ್ಮ ಹಾಳೆಗೆ ಇಳಿಸುತ್ತಾ ಹೋಗುತ್ತಾರೆ. ಹಳಬರು ಈ ಕೆಲಸದವರನ್ನು ‘ಮ್ಯಾಪರ್’ ಎನ್ನುತ್ತಿದ್ದರು. ಎರಡು ಕೋಣೆಗಳ ನಡುವೆ ಲೆಕ್ಕಕ್ಕೆ ಸಿಗದ ಹತ್ತಡಿ ಜಾಗ ಉಳಿಯಿತೆನ್ನಿ, ಮ್ಯಾಪರ್ ತಲೆಯೆತ್ತಿ ‘ಇಲ್ಲಿ ಗೋಡೆ ತಟ್ಟಿ ನೋಡೋಣ’ ಎನ್ನುತ್ತಾರೆ. ಮರೆಯ ಹಿಂದಿನ ನಕ್ಷೆಯಲ್ಲಿ ಆ ಜಾಗಕ್ಕೆ ‘ಎಸ್’ ಅಕ್ಷರ ಬಿದ್ದಿದ್ದರೆ ಅಲ್ಲಿ ಗುಪ್ತದ್ವಾರವಿದೆ ಎಂದರ್ಥ.

ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟವನ್ನು ಪ್ರಕಟಿಸಿದ್ದು 1974ರಲ್ಲಿ. ಬಯಲು, ಕಾಡು ಸುತ್ತುವುದಕ್ಕೆ ಅವರು ಹೊಸ ನಕ್ಷೆಯನ್ನೇನೂ ಕೊಡಲಿಲ್ಲ. ಬೇರೊಂದು ಕಂಪನಿ 1972ರಲ್ಲಿ ತಂದಿದ್ದ ‘ಔಟ್‌ಡೋರ್ ಸರ್ವೈವಲ್’ ಆಟದ ಹಾಸನ್ನು ಬಳಸಿ ಎಂದರು. ಅದರಲ್ಲಿನ ನೀರಿನ ಗುಂಡಿಗಳು ಕೋಟೆಗಳು, ಕಟ್ಟಡಗಳು ಪಟ್ಟಣಗಳು! ಆ ಹಾಸಿನ ತುಂಬ ಆರು ಮೂಲೆಯ ಮನೆಗಳಿದ್ದವು. ಚೌಕದಿಂದ ಚೌಕಕ್ಕೆ ಓರೆಯಾಗಿ ಹೋದರೆ ದೂರ ಹೆಚ್ಚುತ್ತದೆ. ಆರು ಮೂಲೆಯ ಮನೆಗೆ ಸುತ್ತಲಿನ ಆರೂ ಮನೆಗಳು ಸಮದೂರ. ಹಾಗಾಗಿ ಬಯಲಿಗೆ ಆರು ಮೂಲೆ, ನೇರ ಗೋಡೆಗಳ ಕೋಣೆಗೆ ಚೌಕ ಎಂಬ ರೂಢಿ ಇವತ್ತಿಗೂ ಉಳಿದಿದೆ.

1980ರಲ್ಲಿ ಬಂದ, ಇದೇ ಆಟದ ಗ್ರೇಹಾಕ್ ಎಂಬ ಕಾಲ್ಪನಿಕ ಲೋಕದ ನಕ್ಷೆಯದು ಬೇರೆಯೇ ಕತೆ. ತಮ್ಮ ಕಂಪನಿ ಅಚ್ಚು ಹಾಕಿಸಬಲ್ಲ ಅತಿದೊಡ್ಡ ಹಾಳೆ ಎಷ್ಟೆಂದು ಗೈಗ್ಯಾಕ್ಸ್ ಮೊದಲು ವಿಚಾರಿಸಿದರು. ಅಂಥ ಎರಡು ಹಾಳೆಗೆ ಒಪ್ಪಿಗೆ ಪಡೆದು, ಅವು ತುಂಬುವಷ್ಟು ರಾಜ್ಯ, ನದಿ, ಬೆಟ್ಟಗಳನ್ನು ಸೃಷ್ಟಿಸಿದರು. ಜಗತ್ತಿನ ಅಂಚನ್ನು ತೀರ್ಮಾನಿಸಿದ್ದು ಅಚ್ಚಿನ ಯಂತ್ರ. ಕಲಾವಿದೆ ಡಾರ್ಲೀನ್ ಅದಕ್ಕೆ ಬಣ್ಣ ಮತ್ತು ಕೈಬರಹದ ಸೊಗಸು ಕೊಟ್ಟರು. ಅದು ಗೋಡೆಗೆ ತೂಗುಹಾಕಬಹುದಾದ ನಕ್ಷೆ ಎನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಚೆಂದವಿದ್ದ ಮಾತ್ರಕ್ಕೆ ನಕ್ಷೆ ಆಟಕ್ಕೆ ಒದಗುವುದಿಲ್ಲ. ಒಂದೇ ಓಣಿ, ಕೋಣೆಯಾದ ಮೇಲೆ ಕೋಣೆ ಎಂದಿದ್ದರೆ ಅದು ದೇವಸ್ಥಾನದ ಸರದಿ ಸಾಲು, ನೂಕಿದಲ್ಲಿಗೆ ಹೋಗಬೇಕು. ಇದನ್ನು ಚೆನ್ನಾಗಿ ಅರಿತಿದ್ದವರು ಆಟದ ವಿನ್ಯಾಸಕಿ ಜೆನೆಲ್ ಜಾಕ್ವೇಸ್. 1979ರ ಅವರ ‘ಕ್ಯಾವರ್ನ್ಸ್ ಆಫ್ ಥ್ರೇಸಿಯಾ’ ಎಂಬ ಸಾಹಸದ ನೆಲಮಾಳಿಗೆಯಲ್ಲಿ ಒಳಹೋಗಲು ಹಲವು ದಾರಿಗಳಿವೆ. ಸುತ್ತಿ ಬಂದು ಹೊರಟಲ್ಲಿಗೇ ಸೇರುವ ಓಣಿಗಳಿವೆ, ಮಹಡಿಗಳನ್ನು ಬೆಸೆಯುವ ಮೆಟ್ಟಿಲುಗಳು ಬೇರೆ ಬೇರೆ ಕಡೆ ಇವೆ. ಕಾವಲುಗಾರನ ಜೊತೆ ಹೊಡೆದಾಡುವ ಬದಲು ಹಿಂಬದಿಯಿಂದ ನುಸುಳಬಹುದು. ಎಲ್ಲಿಗೆ ಹೋಗಬೇಕೆಂಬ ಜಗಳ ಆಟಗಾರರ ನಡುವೆಯೇ ಏಳುತ್ತದೆ. ಮಾಸ್ಟರ್‌ಗೆ ಚಹಾ ಕುಡಿಯಲು ಬಿಡುವು.

ಅದೇ ಕಾಲದಲ್ಲಿ ಜಡ್ಜಸ್ ಗಿಲ್ಡ್ ಎಂಬ ಸಂಸ್ಥೆ ಒಂದೇ ಸೀಮೆಗೆ ಎರಡು ನಕ್ಷೆ ಮಾರುತ್ತಿತ್ತು. ಒಂದು ಆಟ ನಡೆಸುವವರಿಗೆ, ಪೂರ್ತಿ ತುಂಬಿದ್ದು. ಇನ್ನೊಂದು ಆಟಗಾರರಿಗೆ, ಬಹುಪಾಲು ಖಾಲಿ.

ಈಗ ಇಂಕಾರ್ನೇಟ್‌ನಂಥ ತಂತ್ರಾಂಶಗಳಲ್ಲಿ ಸಂಜೆಯೊಳಗೆ ಒಂದು ಖಂಡವನ್ನೇ ಎಬ್ಬಿಸಬಹುದು. ರೋಲ್20ಯಂಥ ತಾಣಗಳಲ್ಲಿ ನಕ್ಷೆಯ ಮೇಲೆ ಕಪ್ಪು ಮಬ್ಬು ಹೊದಿಸಿ, ಆಟಗಾರರು ಕಾಲಿಟ್ಟಷ್ಟೇ ಜಾಗವನ್ನು ತೆರೆಯಬಹುದು. ಡೈಸನ್ ಲೋಗೋಸ್ ಎಂಬ ಹೆಸರಿನಲ್ಲಿ ಬರೆಯುವ ಕೆನಡಾದ ನಕ್ಷೆಗಾರರಂತೂ ಶಾಯಿಗೆರೆಗಳ ಜಾಲದಲ್ಲೇ ಬಂಡೆಯ ಭಾವ ತರುತ್ತಾರೆ. ಹೊಸದಾಗಿ ಶುರುಮಾಡುವವರಿಗೆ ಪೆನ್ಸಿಲ್ಲೇ ಸಾಕು. ಒಂದು ಊರು, ಅಲ್ಲಿಂದ ಒಂದು ದಿನದ ನಡಿಗೆಯಷ್ಟು ಸುತ್ತಲಿನ ಜಾಗ, ಒಂದು ಪಾಳುಗುಡಿ. ಗುಡಿಯೊಳಗೆ ಚೌಕಕ್ಕೆ ಐದಡಿಯಂತೆ ಲೆಕ್ಕ. ಖಂಡದ ಆಚೆ ತೀರದ ದೊರೆಗಳ ವಂಶಾವಳಿಯನ್ನು ಮೊದಲ ವಾರ ಯಾರೂ ಕೇಳುವುದಿಲ್ಲ.