ಎರೆಭೂಮಿ, ಮಳೆನೀರು ಮತ್ತು ಸಾರ್ವಜನಿಕ ಸಂಶೋಧನೆ: ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ

ಕರ್ನಾಟಕದ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಗಳ ಇತಿಹಾಸವನ್ನು ಬರೆಯುವಾಗ ವಿದ್ವಾಂಸರ ದೃಷ್ಟಿ ಸಹಜವಾಗಿಯೇ ಬೆಂಗಳೂರಿನತ್ತ ಹರಿಯುತ್ತದೆ. 1909ರಲ್ಲಿ ಸ್ಥಾಪನೆಗೊಂಡ ಭಾರತೀಯ ವಿಜ್ಞಾನ ಸಂಸ್ಥೆ ಹಾಗೂ ಅದರ ಸುತ್ತ ಬೆಳೆದ ಪ್ರಯೋಗಾಲಯಗಳೇ ಅಂತಹ ಬರಹಗಳ ಕೇಂದ್ರವಾಗಿರುತ್ತವೆ. ಆದರೆ ರಾಜ್ಯದ ಉತ್ತರ ಗಡಿಯ ಬರಪೀಡಿತ ಪ್ರದೇಶದಲ್ಲಿಯೂ ಸಾರ್ವಜನಿಕ ಸಂಶೋಧನೆಯ ಒಂದು ದೀರ್ಘ ಪರಂಪರೆ ಇದೆ. ಅದರ ಪ್ರಯೋಗಾಲಯ ಹೊಲ. ಅದರ ಮೂಲಪ್ರಶ್ನೆ ಮಳೆಯ ನೀರು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಭಾಗಗಳಿಗೆ ಈ ಪರಂಪರೆ ನೀಡಿದ್ದೇನು, ಇನ್ನೂ ನೀಡಬೇಕಾದುದೇನು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪ್ರದೇಶದ ಸ್ವರೂಪ

ಈ ನಾಲ್ಕು ತಾಲ್ಲೂಕುಗಳ ಮೂಲ ವಿಸ್ತಾರದಿಂದ ಇತ್ತೀಚಿನ ವರ್ಷಗಳಲ್ಲಿ ಚಡಚಣ, ದೇವರ ಹಿಪ್ಪರಗಿ, ಆಲಮೇಲ, ತಾಳಿಕೋಟಿ, ನಿಡಗುಂದಿ ಮತ್ತು ಕೊಲ್ಹಾರ ತಾಲ್ಲೂಕುಗಳು ರೂಪುಗೊಂಡಿವೆ. ಉತ್ತರದಲ್ಲಿ ಇಂಡಿ ಮತ್ತು ಸಿಂದಗಿಯ ಅಂಚಿನಲ್ಲಿ ಭೀಮಾ ನದಿ, ದಕ್ಷಿಣದಲ್ಲಿ ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಅಂಚಿನಲ್ಲಿ ಕೃಷ್ಣಾ ನದಿ, ಇವೆರಡರ ನಡುವೆ ಡೋಣಿ ನದಿ ಹರಿಯುತ್ತವೆ. ಡೋಣಿಯ ಬಯಲು ಬಿಳಿಜೋಳಕ್ಕೆ ಹೆಸರಾದುದು. ಎರಡು ದೊಡ್ಡ ನದಿಗಳ ನಡುವೆ ಇದ್ದೂ ಈ ನಾಡು ಶತಮಾನಗಳ ಕಾಲ ಬರದ ನಾಡೆಂದೇ ಕರೆಸಿಕೊಂಡಿತು. 1791-92ರ ಡೋಗಿ ಬರ ಮತ್ತು 1876-78ರ ಮಹಾಕ್ಷಾಮಗಳ ನೆನಪು ಇಲ್ಲಿನ ಜನಜೀವನದಲ್ಲಿ ಆಳವಾಗಿ ಉಳಿದಿತ್ತು.

ವಿಜಯಪುರದ ಸರಾಸರಿ ವಾರ್ಷಿಕ ಮಳೆ ಸುಮಾರು 590 ಮಿಲಿಮೀಟರ್. ಪ್ರಮಾಣಕ್ಕಿಂತಲೂ ಅದರ ಹಂಚಿಕೆಯೇ ಇಲ್ಲಿನ ಮುಖ್ಯ ಸಮಸ್ಯೆ. ಆಳವಾದ ಎರೆಭೂಮಿ ಮುಂಗಾರಿನಲ್ಲಿ ನೀರು ಕುಡಿದು ಅಂಟಾಗುವುದರಿಂದ ರೈತರು ಅದನ್ನು ಬಿತ್ತದೆ ಬಿಟ್ಟು, ಸೆಪ್ಟೆಂಬರ್-ಅಕ್ಟೋಬರ್ ತಿಂಗಳುಗಳಲ್ಲಿ ಹಿಂಗಾರಿ ಬೆಳೆ ಬಿತ್ತುವ ರೂಢಿ ಬೆಳೆಯಿತು. ಹಿಂಗಾರಿ ಬೆಳೆ ಬದುಕುವುದು ಮುಂದೆ ಬೀಳುವ ಮಳೆಯಿಂದಲ್ಲ, ಮಣ್ಣಿನಲ್ಲಿ ಈಗಾಗಲೇ ಇಂಗಿರುವ ಹಸಿಯಿಂದ. ಖಾಲಿ ಹೊಲದ ಮೇಲೆ ಬಿದ್ದ ಮುಂಗಾರಿ ಮಳೆ ಹರಿದುಹೋದರೆ ನೀರಿನೊಂದಿಗೆ ಫಲವತ್ತಾದ ಮಣ್ಣೂ ಹೋಗುತ್ತದೆ. ಚಳಿಗಾಲದ ಬೆಳೆ ತೆನೆ ಕಟ್ಟುವ ಮೊದಲೇ ಒಣಗುತ್ತದೆ.

ಸಂಶೋಧನಾ ಕೇಂದ್ರದ ಉದಯ

ಈ ಸಮಸ್ಯೆಯನ್ನು ವೈಜ್ಞಾನಿಕವಾಗಿ ಎದುರಿಸುವ ಪ್ರಯತ್ನ ಮುಂಬೈ ಪ್ರಾಂತ್ಯದಲ್ಲಿ 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಆರಂಭವಾಯಿತು. 1929ರಲ್ಲಿ ಸ್ಥಾಪನೆಯಾದ ಇಂಪೀರಿಯಲ್ ಕೃಷಿ ಸಂಶೋಧನಾ ಮಂಡಳಿಯು 1930ರ ದಶಕದ ನಡುಭಾಗದೊಳಗೆ ಸೊಲ್ಲಾಪುರ, ವಿಜಾಪುರ, ಹಗರಿ, ರಾಯಚೂರು ಮತ್ತು ರೋಹ್ಟಕ್‌ಗಳಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರಗಳನ್ನು ತೆರೆಯಿತು. ಈ ಐದರಲ್ಲಿ ಮೂರು ಕೇಂದ್ರಗಳು ಇಂದಿನ ಕರ್ನಾಟಕದಲ್ಲಿವೆ ಎಂಬುದು ಗಮನಾರ್ಹ. ಎನ್.ವಿ. ಕಾನಿಟಕರ್ ಮೊದಲಾದವರ ಪರಿಶ್ರಮದಿಂದ ರೂಪುಗೊಂಡ ಮುಂಬೈ ಒಣಬೇಸಾಯ ಪದ್ಧತಿಯಲ್ಲಿ ಒಡ್ಡು ಹಾಕುವುದು, ಆಳವಾಗಿ ಉಳುವುದು, ಸಾಲಿನ ಅಂತರ ಹೆಚ್ಚಿಸಿ ಬೀಜದ ಪ್ರಮಾಣ ತಗ್ಗಿಸುವುದು, ಮೇಲಿಂದ ಮೇಲೆ ಎಡೆಕುಂಟೆ ಹೊಡೆದು ನೆಲದ ಬಿರುಕು ಮುಚ್ಚುವುದು ಮುಖ್ಯ ಅಂಶಗಳಾಗಿದ್ದವು.

ಪ್ರಯೋಗದ ಫಲ ಎಲ್ಲ ಕಡೆಯೂ ಒಂದೇ ಆಗಿರಲಿಲ್ಲ. 1942ರ ಮುಂಬೈ ಭೂಸುಧಾರಣಾ ಯೋಜನೆಗಳ ಕಾಯಿದೆಯ ಬಲದಿಂದಲೂ ಅದೇ ಹೊತ್ತಿನ ಬರಗಾಲದ ಪರಿಹಾರ ಕಾಮಗಾರಿಗಳಿಂದಲೂ ಸಮಪಾತಳಿ ಒಡ್ಡುಗಳ ನಿರ್ಮಾಣ ವ್ಯಾಪಕವಾಯಿತು. ಹಗುರ ಮಣ್ಣಿನಲ್ಲಿ ಅವು ಉಪಯುಕ್ತವಾದವು. ಆಳವಾದ ಎರೆಯಲ್ಲಿ ಮಾತ್ರ ಒಡ್ಡಿನ ಮೇಲ್ಭಾಗದಲ್ಲಿ ನೀರು ನಿಂತು ಬೆಳೆ ಕೊಳೆಯುತ್ತಿತ್ತು. ಬೇಸಿಗೆಯಲ್ಲಿ ಬಿರುಕು ಬಿಟ್ಟ ಒಡ್ಡುಗಳು ಮೊದಲ ದೊಡ್ಡ ಮಳೆಗೇ ಒಡೆಯುತ್ತಿದ್ದವು. ಹೆಚ್ಚುವರಿ ನೀರನ್ನು ಮೆಲ್ಲಗೆ ಹೊರಕ್ಕೆ ಸಾಗಿಸುವ ಇಳಿಜಾರು ಒಡ್ಡುಗಳ ಅಗತ್ಯ ಈ ಅನುಭವದಿಂದಲೇ ಮನವರಿಕೆಯಾಯಿತು.

ಪ್ಯಾಕೆಟ್ಟಿನಲ್ಲಿ ಮಾರಲಾಗದ ಜ್ಞಾನ

1970ರಲ್ಲಿ ಅಖಿಲ ಭಾರತ ಸಮನ್ವಿತ ಒಣಬೇಸಾಯ ಸಂಶೋಧನಾ ಪ್ರಾಯೋಜನೆ ಆರಂಭವಾಗಿ ವಿಜಾಪುರವು ಅದರ ಕೇಂದ್ರಗಳಲ್ಲೊಂದಾಯಿತು. 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಕೇಂದ್ರವು ಅದರ ಆಶ್ರಯಕ್ಕೆ ಬಂದಿತು. ಈ ಅವಧಿಯಲ್ಲಿ ಪ್ರಚಾರಗೊಂಡ ವಿಧಾನಗಳಲ್ಲಿ ಚೌಕುಮಡಿ ಪ್ರಮುಖವಾದುದು. ಮುಂಗಾರಿನ ಆರಂಭದಲ್ಲಿ ಖಾಲಿ ಹೊಲವನ್ನು ಸಣ್ಣ ಬದುಗಳಿಂದ, ಇಳಿಜಾರಿಗೆ ತಕ್ಕಂತೆ, ಸುಮಾರು 3ರಿಂದ 5 ಮೀಟರ್ ಅಳತೆಯ ಚೌಕಗಳಾಗಿ ವಿಂಗಡಿಸಲಾಗುತ್ತದೆ. ಪ್ರತಿ ಚೌಕವೂ ತನ್ನ ಮೇಲೆ ಬಿದ್ದ ಮಳೆಯನ್ನು ತಾನೇ ಹಿಡಿದು ಇಂಗಿಸುತ್ತದೆ. ಬಿತ್ತನೆಯ ಮುನ್ನ ಬದುಗಳನ್ನು ಹರಗಿ ಸಮಮಾಡಿ ಕೂರಿಗೆಯಿಂದ ಬಿತ್ತಲಾಗುತ್ತದೆ. ಎತ್ತು ಮತ್ತು ಸರಳ ಉಪಕರಣಗಳಿದ್ದರೆ ಸಾಕು. ಕೊಳ್ಳಬೇಕಾದ ವಸ್ತು ಬೇರೇನೂ ಇಲ್ಲ.

ಇಲ್ಲಿಯೇ ಸಾರ್ವಜನಿಕ ಸಂಸ್ಥೆಯ ಅನಿವಾರ್ಯತೆ ಸ್ಪಷ್ಟವಾಗುತ್ತದೆ. ಚೌಕುಮಡಿಯನ್ನು ಯಾವ ಕಂಪನಿಯೂ ಪ್ಯಾಕೆಟ್ಟಿನಲ್ಲಿಟ್ಟು ಮಾರಲಾರದು. ಆದ್ದರಿಂದ ಅದರ ಸಂಶೋಧನೆಗೆ ಹಣ ಹೂಡುವ ಆಸಕ್ತಿಯೂ ಖಾಸಗಿ ವಲಯಕ್ಕೆ ಇರುವುದಿಲ್ಲ. ಬಿಳಿಜೋಳದ ಮಾತೂ ಹೆಚ್ಚು ಕಡಿಮೆ ಹೀಗೆಯೇ. ಮಾಲದಂಡಿ ಎಂದು ಜನಜನಿತವಾದ ಎಂ 35-1 ತಳಿ 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಜೋಳದಿಂದ ಆಯ್ಕೆಯಾದುದು. ರೊಟ್ಟಿಯ ರುಚಿ ಮತ್ತು ದನಕರುಗಳಿಗೆ ಬೇಕಾದ ಕಣಿಕೆಯ ಗುಣಕ್ಕಾಗಿ ರೈತರು ಇಂದಿಗೂ ಅದನ್ನು ಕೈಬಿಟ್ಟಿಲ್ಲ. ರೈತ ತನ್ನ ಕಣದಿಂದಲೇ ಬೀಜ ಎತ್ತಿಡಬಹುದಾದ ಇಂತಹ ತಳಿಗಳ ಸುಧಾರಣೆಯನ್ನು ಸಾರ್ವಜನಿಕ ಕೇಂದ್ರಗಳೇ ಮುಂದುವರಿಸಿವೆ. ವಿಜಯಪುರ ಕೇಂದ್ರದ ಬಿಜೆವಿ-44 ತಳಿ ಇದಕ್ಕೆ ನಿದರ್ಶನ.

ನೀರು ಬಂದ ನಂತರ

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲು ಇಟ್ಟರು. 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಅಸ್ತಿತ್ವಕ್ಕೆ ಬಂದಿತು. 2006ರ ಆಗಸ್ಟ್ 21ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ಆಲಮಟ್ಟಿ ಜಲಾಶಯವನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. 519.60 ಮೀಟರ್ ಮಟ್ಟದಲ್ಲಿ ಈ ಜಲಾಶಯ ಸುಮಾರು 123 ಟಿಎಂಸಿ ನೀರು ಹಿಡಿಯುತ್ತದೆ. ನಾರಾಯಣಪುರ ಎಡದಂಡೆ ಕಾಲುವೆಯ ಇಂಡಿ ಶಾಖಾ ಕಾಲುವೆ, ಮುಳವಾಡ ಮತ್ತು ಚಿಮ್ಮಲಗಿ ಏತ ನೀರಾವರಿಗಳು ಹಿಂದೆ ಮಳೆಯನ್ನೇ ನಂಬಿದ್ದ ಹೊಲಗಳತ್ತ ನೀರು ತಂದವು.

ನೀರಿನೊಂದಿಗೆ ಪ್ರಶ್ನೆಯೂ ಬದಲಾಯಿತು. ಹಸಿಯನ್ನು ಹಿಡಿದಿಡುವ ಎರೆಮಣ್ಣಿನ ಗುಣವೇ ಅತಿ ನೀರಾವರಿಯಲ್ಲಿ ದೋಷವಾಗುತ್ತದೆ. ಬಸಿಯದ ನೀರು ಕೆಳಗಿನ ಲವಣವನ್ನು ಮೇಲಕ್ಕೆ ತಂದು ಹೊಲವನ್ನು ಸವಳು-ಜವಳಾಗಿಸುತ್ತದೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಇದು ಮೊದಲೇ ಕಂಡ ಸಂಗತಿ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಬಸಿಗಾಲುವೆ ಮತ್ತು ಸವಳು ನಿರ್ವಹಣೆಯ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ನೀರನ್ನು ನಿಲ್ಲಿಸುವ ವಿದ್ಯೆಯನ್ನು ಕಲಿತ ಪ್ರದೇಶ ಈಗ ನೀರನ್ನು ಬಸಿಯುವ ವಿದ್ಯೆಯನ್ನೂ ಕಲಿಯಬೇಕಾಗಿದೆ.

ಇಂಡಿಯ ಲಿಂಬೆ ಮತ್ತು ಹಂಚಿಹೋದ ಹೊಣೆ

ಇಂಡಿ ಮತ್ತು ಸಿಂದಗಿ ಭಾಗದ ಲಿಂಬೆ ಬೆಳೆ ಇನ್ನೊಂದು ಅಗತ್ಯವನ್ನು ಸೂಚಿಸುತ್ತದೆ. ಇಂಡಿ ಲಿಂಬೆಗೆ 2023ರಲ್ಲಿ ಭೌಗೋಳಿಕ ಗುರುತು ದೊರೆಯಿತು. ಈ ಗುರುತು ಹೆಸರನ್ನು ಕಾಯಬಲ್ಲದು, ಗಿಡವನ್ನು ಕಾಯಲಾರದು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡ ರೈತನಿಗೆ ಕಡಿಮೆ ನೀರಿನಲ್ಲಿ ಬಾಳುವ ಬೇರುಸಸಿ, ಕಜ್ಜಿರೋಗದ ಹತೋಟಿ, ಬೆಲೆ ಕುಸಿದಾಗ ಹಣ್ಣನ್ನು ಸಂಸ್ಕರಿಸುವ ವಿಧಾನ ಬೇಕು.

ಆದರೆ ಇವುಗಳ ಹೊಣೆ ಒಂದೇ ಸಂಸ್ಥೆಯದಲ್ಲ. ಜೋಳ, ಕಡಲೆ, ತೊಗರಿ ಧಾರವಾಡ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಸೇರಿವೆ. ಅದರ ಕೃಷಿ ವಿಜ್ಞಾನ ಕೇಂದ್ರ ಇಂಡಿಯಲ್ಲಿದೆ. ತೋಟಗಾರಿಕೆಯ ಸಂಶೋಧನೆ 2008ರಲ್ಲಿ ಆರಂಭವಾದ ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಷಯ. ಕಾಲುವೆಯ ನೀರು ಜಲ ನಿಗಮದ್ದು. ನೀರು ಮತ್ತು ನೆಲ ನಿರ್ವಹಣೆಯ ತರಬೇತಿ ಧಾರವಾಡದ ವಾಲ್ಮಿ ಸಂಸ್ಥೆಯದು. ರೈತನಿಗಾದರೋ ಜೋಳ, ಲಿಂಬೆ, ಕಾಲುವೆ, ಸವಳು ಎಲ್ಲವೂ ಒಂದೇ ಹೊಲದ ಸಂಗತಿಗಳು.

ಉಪಸಂಹಾರ

ಒಟ್ಟಿನಲ್ಲಿ ಹೇಳುವುದಾದರೆ, ಈ ಪ್ರದೇಶದ ಸಾರ್ವಜನಿಕ ಸಂಶೋಧನೆಯ ಶ್ರೇಷ್ಠ ಫಲಗಳು ಮಾರುಕಟ್ಟೆಗೆ ಬೇಡವಾಗಿದ್ದ ಪ್ರಶ್ನೆಗಳಿಂದ ಹುಟ್ಟಿದವು. ಒಡ್ಡಿನ ವೈಫಲ್ಯವನ್ನು ತಾಳ್ಮೆಯಿಂದ ಗಮನಿಸಿದ್ದರಿಂದಲೇ ಉತ್ತಮ ವಿಧಾನಗಳು ದೊರೆತವು. ಕಾಲುವೆ ಬಂದಿತೆಂದು ಒಣಬೇಸಾಯದ ಪ್ರಯೋಗಗಳನ್ನು ಗೌಣವಾಗಿಸುವುದು ತರವಲ್ಲ. ಕಾಲುವೆಯ ಕೊನೆಯಾಚೆಗೆ ಮಳೆಯನ್ನೇ ನಂಬಿದ ಎರೆಹೊಲಗಳು ಇನ್ನೂ ಇವೆ. ಬೇರೆ ಬೇರೆ ಸಂಸ್ಥೆಗಳಲ್ಲಿ ಹಂಚಿಹೋಗಿರುವ ಜ್ಞಾನ ಹೊಲದ ಬದುವಿನ ಮೇಲೆ ಒಂದಾಗಿ ಕೂಡಿದಾಗ ಮಾತ್ರ ಸುಮಾರು ಒಂಬತ್ತು ದಶಕಗಳ ಈ ಸಾಧನೆ ಸಾರ್ಥಕವಾದೀತು.